ರಸ್ತೆಗಿಂತ ಮೊದಲು ಬಿಲ್ ಗಟ್ಟಿ

ಮಣ್ಣಿನ ರಸ್ತೆಯನ್ನು ಅತಿ ಬೇಗ ರಿಪೇರಿ ಮಾಡುವ ವಿದ್ಯೆ ಯಾರಿಗೆ ಗೊತ್ತು? ದಯವಿಟ್ಟು ವಿಜ್ಞಾನಿಗಳ ಹೆಸರು ಹೇಳಬೇಡಿ. ಅದು ಗೊತ್ತಿರುವುದು ಗುತ್ತಿಗೆದಾರರಿಗೆ. ಟಿಪ್ಪರ್ ಬಂತು, ಗುಂಡಿಗೆ ಮಣ್ಣು ಸುರಿಯಿತು. ಜೆಸಿಬಿ ತನ್ನ ಬಕೆಟ್ಟಿನ ಬೆನ್ನಿನಿಂದ ಮಗುವನ್ನು ಮಲಗಿಸುವ ಹಾಗೆ ಎರಡು ಸಲ ತಟ್ಟಿತು. ಯಾರೋ ಮೊಬೈಲ್ ತೆಗೆದು ಫೋಟೋ ಹೊಡೆದರು. ರಸ್ತೆ ರೆಡಿ! ಮಣ್ಣು ರೆಡಿ ಇದೆಯಾ ಅಂತ ಯಾರೂ ಕೇಳಲಿಲ್ಲ, ಅಷ್ಟೇ.

ಆಮೇಲೆ ಲಾರಿ ಬರುತ್ತದೆ. ಲಾರಿಗೆ ಫೋಟೋ ತೋರಿಸಿ ಪ್ರಯೋಜನವಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಒಂದೇ ಸಮನೆ ಲಾರಿ ಓಡಿಸಿ ಪರೀಕ್ಷೆ ಮಾಡಿದ್ದರು. ಅದರಿಂದ ಹುಟ್ಟಿದ ಅಂದಾಜು ಹೀಗಿದೆ: ಆಕ್ಸಲ್, ಅಂದರೆ ಚಕ್ರಗಳ ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟು. ಅದೂ ಡಾಂಬರು, ಕಾಂಕ್ರೀಟ್ ರಸ್ತೆಗಳ ಮಾತು. ತಟ್ಟಿ ಮಲಗಿಸಿದ ಮಣ್ಣಿನ ಲೆಕ್ಕ ಹಾಕುವಷ್ಟು ಕಲ್ಲು ಮನಸ್ಸು ಯಾರಿಗಿದೆ?

ಹಾಗಂತ ಬೇಗ ಗಟ್ಟಿ ಮಾಡುವ ದಾರಿ ಇಲ್ಲವೇ ಇಲ್ಲ ಅಂತಲ್ಲ. ಜಿಗುಟು ಮಣ್ಣಾದರೆ ಸುಣ್ಣ, ಮರಳು ಮಣ್ಣಾದರೆ ಸಿಮೆಂಟ್. ಕೆಸರಿಗೆ ಸುಟ್ಟ ಸುಣ್ಣ ಬೆರೆಸಿದರೆ ಅದು ನೀರು ಹೀರುತ್ತಾ ಬಿಸಿಯಾಗುತ್ತದೆ. ಗುದ್ದಲಿಗೆ ಅಂಟಿಕೊಳ್ಳುತ್ತಿದ್ದ ಮಣ್ಣು ಪುಡಿಪುಡಿಯಾಗಿ ಉದುರತೊಡಗುತ್ತದೆ. ಸಿಮೆಂಟ್ ಬೆರೆಸಿದರೆ ಒಂದೆರಡು ಗಂಟೆಯೊಳಗೆ ರೋಲರ್ ಓಡಿಸಿ ಮುಗಿಸಬೇಕು. ಈ ಪದ್ಧತಿಯಲ್ಲಿ ಒಂದೇ ಒಂದು ದೋಷ. ಯಾವ ಮಣ್ಣು ಅಂತ ಮೊದಲು ಬಗ್ಗಿ ನೋಡಬೇಕು. ಜೀಪಿನಲ್ಲಿ ಕೂತೇ ತಪಾಸಣೆ ಮುಗಿಸುವವರಿಗೆ ಇದು ಸೊಂಟದ ಮೇಲೆ ನಡೆಯುವ ದೌರ್ಜನ್ಯ.

ಇನ್ನು ನೀರು. ಒಣ ಮಣ್ಣು ಕೂರುವುದಿಲ್ಲ, ನೀರು ಜಾಸ್ತಿಯಾದರೂ ಕೂರುವುದಿಲ್ಲ, ನಡುವೆ ಒಂದು ಹದ ಇದೆ. ಪ್ರಾಕ್ಟರ್ ಎಂಬ ಎಂಜಿನಿಯರ್ 1933ರಲ್ಲೇ ಇದನ್ನು ಅಳೆಯುವ ವಿಧಾನ ಕೊಟ್ಟರು. ಲ್ಯಾಬ್ ಇಲ್ಲದ ಕಡೆ ಒಂದು ಹಿಡಿ ಮಣ್ಣು ಹಿಸುಕಿ ನೋಡಿದರೂ ಸಾಕು. ಉಂಡೆ ನಿಲ್ಲಬೇಕು, ಅಂಗೈಗೆ ನೀರು ಜಿನುಗಬಾರದು. ಕಾಮಗಾರಿಯಲ್ಲಿ ಹದ ಅಂದರೆ ಬೇರೆಯೇ: ಟ್ಯಾಂಕರ್ ಖಾಲಿಯಾಗುವ ತನಕ ಸುರಿಯುವುದು.

ರಸ್ತೆಯ ಮಧ್ಯ ಸ್ವಲ್ಪ ಉಬ್ಬಿರಬೇಕು, ನೀರು ಎರಡೂ ಬದಿಗೆ ಹರಿದು ಚರಂಡಿ ಸೇರಬೇಕು. ರಿಪೇರಿ ಆದ ಮೇಲೆ ಬದಿಗಳು ಎತ್ತರ, ಮಧ್ಯ ತಗ್ಗು, ಚರಂಡಿ ಇದ್ದ ಕಡೆ ಉಳಿದ ಮಣ್ಣಿನ ಗುಡ್ಡೆ. ಇದನ್ನು ಕೆರೆ ಅಭಿವೃದ್ಧಿ ಲೆಕ್ಕಕ್ಕೆ ಬರೆದಿದ್ದರೆ ಪ್ರಶಸ್ತಿಯೇ ಸಿಗುತ್ತಿತ್ತೇನೋ.

ಒಂದು ಮಳೆ ಬಿದ್ದರೆ ಸಾಕು, ಅದೇ ಗುಂಡಿಗೆ ಹೊಸ ಎಸ್ಟಿಮೇಟ್ ಸಿದ್ಧ. ರಸ್ತೆ ಹಾಳಾಗಲು ಕಾರಣ ಏನು ಎಂಬ ಕಾಲಂನಲ್ಲಿ ‘ಭಾರಿ ವಾಹನಗಳ ಸಂಚಾರ’ ಎಂದಿರುತ್ತದೆ. ಹಳೇ ಎಸ್ಟಿಮೇಟ್ ತೆಗೆದು ನೋಡಿ. ಕಾಮಗಾರಿಯ ಉದ್ದೇಶ ಎಂಬ ಕಾಲಂನಲ್ಲೂ ಅದನ್ನೇ ಬರೆದಿದ್ದಾರೆ.