ಮೊದಲು ಮುಳ್ಳು ನೋಡಿ, ಆಮೇಲೆ ಪೆಟ್ಟಿಗೆ

ಸೂಟ್‌ಕೇಸ್ ಆಕಾರದ, ಮುಚ್ಚಳ ತೆರೆದ ಕೂಡಲೇ ಹಾಡುವ ಬಣ್ಣಬಣ್ಣದ ರೆಕಾರ್ಡ್ ಪ್ಲೇಯರ್‌ಗಳನ್ನು ದಯವಿಟ್ಟು ಕೊಳ್ಳಬೇಡಿ. ಯಾರಿಗೂ ಉಡುಗೊರೆಯಾಗಿಯೂ ಕೊಡಬೇಡಿ. "ಮನೆಯಲ್ಲಿ ತಾತನ ಕಾಲದ ರೆಕಾರ್ಡುಗಳಿವೆ, ಕೈಗೆಟುಕುವ ಬೆಲೆಗೆ ಯಾವ ಟರ್ನ್‌ಟೇಬಲ್ ತೆಗೆದುಕೊಳ್ಳಲಿ?" ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ನನಗೆ ತಿಳಿದದ್ದನ್ನೆಲ್ಲ ಇಲ್ಲೇ ಬರೆಯುತ್ತಿದ್ದೇನೆ.

ಸೂಟ್‌ಕೇಸ್ ಪ್ಲೇಯರ್ ಬೇಡ ಎನ್ನಲು ಕಾರಣ ಅದರ ಮುಳ್ಳು. ಅದರಲ್ಲಿರುವುದು ಸೆರಾಮಿಕ್ ಕಾರ್ಟ್ರಿಜ್, ಅಂದರೆ ಮುಳ್ಳನ್ನು ಹಿಡಿದುಕೊಂಡು ಅದರ ಕಂಪನವನ್ನು ವಿದ್ಯುತ್ತಾಗಿಸುವ ಪುಟ್ಟ ಭಾಗ. ಅದು ರೆಕಾರ್ಡಿನ ಮೇಲೆ ಐದು ಗ್ರಾಂ ಆಸುಪಾಸಿನ ಭಾರ ಹೇರುತ್ತದೆ. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಎರಡು ಗ್ರಾಂ ಸಾಕು. ಭಾರವನ್ನು ಕಡಿಮೆ ಮಾಡೋಣ ಎಂದರೆ ಆ ಪೆಟ್ಟಿಗೆಯಲ್ಲಿ ತಿರುಗಿಸಲು ಏನೂ ಇರುವುದಿಲ್ಲ. ಮುಳ್ಳಿನ ತುದಿಯೂ ಹೆಚ್ಚಾಗಿ ವಜ್ರದ್ದಲ್ಲ, ಕೃತಕ ನೀಲಮಣಿಯದು. ಬೇಗ ಸವೆಯುತ್ತದೆ, ಸವೆದ ಮೇಲೆ ರೆಕಾರ್ಡಿನ ಗೆರೆಗಳನ್ನು ಕೆರೆಯುತ್ತದೆ. ಯಂತ್ರ ಹಾಳಾದರೆ ಇನ್ನೊಂದನ್ನು ತರಬಹುದು. ಮನೆಯಲ್ಲಿರುವ ಆ ಒಂದೇ ಪ್ರತಿಯ ರೆಕಾರ್ಡನ್ನು ಯಾವ ಅಂಗಡಿಯಿಂದ ತರುತ್ತೀರಿ?

ಹಾಗಾಗಿ ಟರ್ನ್‌ಟೇಬಲ್ ನೋಡುವಾಗ ನಾನು ಕೇಳುವುದು ಮೂರೇ ಪ್ರಶ್ನೆ. ಮುಳ್ಳು ಬದಲಿಸಲು ಬರುತ್ತದೆಯೇ? ಭಾರ ಹೊಂದಿಸಲು ಬರುತ್ತದೆಯೇ? ವೇಗ ನಿಲ್ಲುತ್ತದೆಯೇ? ಬ್ಲೂಟೂತ್, ಮರದ ಹೊಳಪು, ಹಳೆಯ ಕಾಲದ ನೋಟ ಎಲ್ಲವೂ ಇವಾದ ಮೇಲೆ.

ಅತಿ ಕಡಿಮೆ ಬೆಲೆಯಲ್ಲಿ ನಾನು ಒಪ್ಪುವ ಯಂತ್ರ ಆಡಿಯೋ ಟೆಕ್ನಿಕಾದ ಎಲ್‌ಪಿ60ಎಕ್ಸ್. ಗುಂಡಿ ಒತ್ತಿದರೆ ತೋಳು ತಾನೇ ಎದ್ದು ರೆಕಾರ್ಡಿನ ಮೇಲೆ ಕೂರುತ್ತದೆ, ಹಾಡು ಮುಗಿದರೆ ತಾನೇ ಹಿಂದಿರುಗುತ್ತದೆ. ಕೈ ನಡುಗುವ ಹಿರಿಯರಿರುವ ಮನೆಗೆ ಇದು ನಿಜವಾದ ಉಪಕಾರ. ಇದರಲ್ಲೂ ಭಾರ ಹೊಂದಿಸಲು ಬರುವುದಿಲ್ಲ, ಆದರೆ ಕಾರ್ಖಾನೆಯವರು ಅದನ್ನು ಮೂರು ಗ್ರಾಂ ಆಸುಪಾಸಿನಲ್ಲೇ ಇಟ್ಟು ಕಳಿಸುತ್ತಾರೆ. ಮುಳ್ಳು ವಜ್ರದ್ದು, ಬದಲಿ ಮುಳ್ಳು ಸುಲಭವಾಗಿ ಸಿಗುತ್ತದೆ. ಮುಳ್ಳಿನಿಂದ ಬರುವ ಕ್ಷೀಣ ಸದ್ದನ್ನು ಹಿಗ್ಗಿಸುವ ಪ್ರಿಆಂಪ್ ಒಳಗೇ ಇದೆ. ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರಿಗೆ ತಂತಿ ಸಿಕ್ಕಿಸಿದರೆ ಆಯಿತು. ನಿಮ್ಮಲ್ಲಿರುವುದು ಎಲ್‌ಪಿ (ನಿಮಿಷಕ್ಕೆ 33 ಸುತ್ತಿನ ದೊಡ್ಡ ರೆಕಾರ್ಡು) ಮತ್ತು ಚಿತ್ರಗೀತೆಗಳ ಇಪಿ (45 ಸುತ್ತಿನ ಚಿಕ್ಕದು) ಮಾತ್ರವಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ಆದರೆ ನಮ್ಮ ಮನೆಗಳ ಅಟ್ಟದಲ್ಲಿ ಸಾಮಾನ್ಯವಾಗಿ ಇನ್ನೊಂದು ಬಗೆಯ ರೆಕಾರ್ಡು ಇರುತ್ತದೆ. ಕಪ್ಪಗೆ, ದಪ್ಪಗೆ, ಕೈಗೆ ತೂಕವಾಗಿ, ಬಿದ್ದರೆ ಚೂರಾಗುವ ಅರಗಿನ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ್ದು ಇಂಥ ತಟ್ಟೆಗಳಿಗೇ. ಅದರ ಮೇಲಿನ ಚೀಟಿಯಲ್ಲಿ ಅವರ ಹೆಸರು ಗಾಂಧಾರಿ ಎಂದಿರುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರ ಆರಂಭದ ಧ್ವನಿಮುದ್ರಿಕೆಗಳೂ 78ರವೇ. ಇಂಥ ಒಂದು ತಟ್ಟೆಯಾದರೂ ನಿಮ್ಮಲ್ಲಿದ್ದರೆ ಎಲ್‌ಪಿ60ಎಕ್ಸ್ ಕೆಲಸಕ್ಕೆ ಬಾರದು, ಏಕೆಂದರೆ ಅದರಲ್ಲಿ 33 ಮತ್ತು 45 ಮಾತ್ರ ಇವೆ.

ಆಗ ನಾನು ಯಾವ ಅನುಮಾನವೂ ಇಲ್ಲದೆ ಹೇಳುವ ಹೆಸರು ಅದೇ ಕಂಪನಿಯ ಎಲ್‌ಪಿ120ಎಕ್ಸ್. 2019ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಇದರ ಬೆಲೆ 249 ಡಾಲರ್. ಈಗ ಏರಿದೆ, ನಮ್ಮಲ್ಲಿಗೆ ಬರುವಾಗ ಸುಂಕವೂ ಸೇರುತ್ತದೆ. ಆದರೂ ಈ ದರ್ಜೆಯಲ್ಲಿ ನಮ್ಮ ರೆಕಾರ್ಡುಗಳಿಗೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಯಂತ್ರವನ್ನು ನಾನು ಕಂಡಿಲ್ಲ. ಮೂರೂ ವೇಗಗಳಿವೆ. ಬೆಲ್ಟ್ ಇಲ್ಲ, ರೆಕಾರ್ಡನ್ನು ತಿರುಗಿಸುವ ಲೋಹದ ತಟ್ಟೆ ಮೋಟಾರಿನ ಮೇಲೆಯೇ ಕೂರುತ್ತದೆ. ಯುಎಸ್‌ಬಿ ಇರುವ ಮಾದರಿಯಲ್ಲಿ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಇದರೊಂದಿಗೆ ಬರುವ ಕಾರ್ಟ್ರಿಜ್ ವಿಎಂ95ಇ. ಅದರ ಮುಳ್ಳಿನ ಭಾಗವನ್ನು ಬೆರಳಿನಿಂದಲೇ ಎಳೆದು ತೆಗೆದು, ಅದೇ ಜಾಗಕ್ಕೆ 78ಕ್ಕೆಂದೇ ಮಾಡಿದ ಎಸ್‌ಪಿ ಮುಳ್ಳನ್ನು ಸಿಕ್ಕಿಸಬಹುದು.

ಇದು ಯಾಕೆ ಇಷ್ಟು ಮುಖ್ಯ ಎಂದರೆ, 78ರ ತಟ್ಟೆಯ ಗೆರೆ ಎಲ್‌ಪಿಯ ಗೆರೆಗಿಂತ ಎರಡು ಮೂರು ಪಟ್ಟು ಅಗಲ. ಎಲ್‌ಪಿಯ ಸಣ್ಣ ಮುಳ್ಳನ್ನು ಅದರಲ್ಲಿಟ್ಟರೆ ತಳಕ್ಕೆ ಹೋಗಿ ಬೀಳುತ್ತದೆ. ಅಲ್ಲಿರುವುದು ದೂಳು ಮತ್ತು ಸವೆತ ಮಾತ್ರ. ಹಾಡಿರುವುದು ಗೋಡೆಗಳಲ್ಲಿ. "ಹಳೆಯ ತಟ್ಟೆ, ಬರೀ ಬರಬರ ಸದ್ದು" ಎಂದು ಎಷ್ಟೋ ಜನ ಕೈಬಿಟ್ಟಿರುವ ತಟ್ಟೆಗಳು ಸರಿಯಾದ ಮುಳ್ಳಿಟ್ಟ ಕೂಡಲೇ ಹಾಡುತ್ತವೆ. ಹಿಂದಿನ ಹಲವು ಪ್ಲೇಯರ್‌ಗಳಲ್ಲಿ ತೋಳಿನ ತುದಿಗೆ ಒಂದು ಪುಟ್ಟ ಕಡ್ಡಿ ಇರುತ್ತಿತ್ತು. ಅದನ್ನು ತಿರುಗಿಸಿದರೆ ಒಂದು ಕಡೆ ಎಲ್‌ಪಿ ಮುಳ್ಳು, ಇನ್ನೊಂದು ಕಡೆ 78ರ ಮುಳ್ಳು. ಹಿರಿಯರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಭಾರ ಹೊಂದಿಸುವುದಕ್ಕೆ ಹೆದರುವವರಿಗಾಗಿ ಅದನ್ನೂ ಹೇಳಿಬಿಡುತ್ತೇನೆ. ತೋಳಿನ ಹಿಂಬದಿಯಲ್ಲಿ ಲೋಹದ ಬಿಲ್ಲೆಯಿದೆ. ಅದನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ತೋಳು ಅಕ್ಕಸಾಲಿಗರ ತಕ್ಕಡಿಯ ದಂಡದಂತೆ ಅತ್ತಲೂ ವಾಲದೆ ಇತ್ತಲೂ ವಾಲದೆ ಗಾಳಿಯಲ್ಲಿ ನಿಲ್ಲುತ್ತದೆ. ಆಗ ಬಿಲ್ಲೆಯನ್ನು ಅಲುಗಿಸದೆ, ಅದರ ಮುಂದಿರುವ ಅಂಕಿಗಳ ಉಂಗುರವನ್ನಷ್ಟೇ ತಿರುಗಿಸಿ ಸೊನ್ನೆಗೆ ತನ್ನಿ. ಈಗ ಎರಡನ್ನೂ ಒಟ್ಟಿಗೆ ತಿರುಗಿಸಿ 2ಕ್ಕೆ ನಿಲ್ಲಿಸಿ. ವಿಎಂ95ಇಗೆ ಬೇಕಾದದ್ದು ಅಷ್ಟೇ. 78ರ ಮುಳ್ಳಿಗೆ ಹೆಚ್ಚು ಭಾರ ಬೇಕು. ಅದರ ಪೊಟ್ಟಣದ ಮೇಲೆ ಬರೆದಿರುವಷ್ಟನ್ನು ಒಂದು ಪುಟ್ಟ ಡಿಜಿಟಲ್ ತಕ್ಕಡಿಯಿಂದ ಅಳೆದು ಇಡಿ.

ವೇಗದ ವಿಷಯದಲ್ಲಿ ನಾನು ಹಟಮಾರಿ. ಸಂಗೀತ ಕೇಳುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ವೇಗ ಸುಮಾರು ಆರು ಪ್ರತಿಶತ ತಪ್ಪಿದರೆ ಶ್ರುತಿ ಒಂದು ಇಡೀ ಸ್ವರಸ್ಥಾನ ಜರುಗುತ್ತದೆ. ಡೋಲು, ಗಿಟಾರು ತುಂಬಿದ ಹಾಡಿನಲ್ಲಿ ವೇಗದ ಸಣ್ಣ ಓಲಾಟ ಕಿವಿಗೆ ಬೀಳದೆ ಹೋಗಬಹುದು. ತಂಬೂರಿಯ ನಾದದಲ್ಲಿ, ವೀಣೆಯ ದೀರ್ಘ ಮೀಟಿನಲ್ಲಿ ಅದು ತಪ್ಪಿಸಿಕೊಳ್ಳಲಾರದು. ಯಂತ್ರ ಕೊಳ್ಳುವ ಮುನ್ನ ಅಂಗಡಿಯಲ್ಲಿ ಅಬ್ಬರದ ಹಾಡು ಕೇಳಬೇಡಿ, ಒಂದು ವೀಣೆಯ ರೆಕಾರ್ಡನ್ನು ಕೈಯಲ್ಲೇ ಒಯ್ದು ಹಾಕಿಸಿ. ಎಲ್‌ಪಿ120ಎಕ್ಸ್‌ನ ವೇಗ ಹೊಂದಿಸುವ ಜಾರುಗುಂಡಿಯನ್ನು ಡಿಜೆಗಳಿಗೆಂದು ಕೊಟ್ಟಿದ್ದಾರೆ, ಆದರೆ ನನಗೆ ಅದು ಬೇಕಾದದ್ದು ಬೇರೆ ಕಾರಣಕ್ಕೆ. ಬಹಳ ಹಳೆಯ 78ರ ತಟ್ಟೆಗಳನ್ನು ಧ್ವನಿಮುದ್ರಿಸುವಾಗ ವೇಗ ಕರಾರುವಾಕ್ಕಾಗಿ 78 ಇರುತ್ತಿರಲಿಲ್ಲ. ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು, ಗಾಯಕರ ಧ್ವನಿ ಸಹಜವಾಗಿ ಕೇಳುವ ತನಕ ಗುಂಡಿಯನ್ನು ಕೂದಲೆಳೆಯಷ್ಟು ಸರಿಸುತ್ತಾ ಕೂರುವುದು ನನಗೆ ಬಹಳ ಪ್ರಿಯವಾದ ಕೆಲಸ.

ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ಮನೆ ಖಾಲಿ ಮಾಡುವಾಗ ತಮ್ಮ ಹಳೆಯ ಟರ್ನ್‌ಟೇಬಲನ್ನು ಕಳಿಸುತ್ತೇವೆ ಎನ್ನುತ್ತಾರೆ. ಒಪ್ಪಿಕೊಳ್ಳುವ ಮುನ್ನ ವಿಚಾರಿಸಿ. ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಬಹುದು, ಹರ್ಟ್ಸ್ ಬದಲಾಗುವುದಿಲ್ಲ. ಹಳೆಯ ಅನೇಕ ಯಂತ್ರಗಳ ಮೋಟಾರು ಆ ಹರ್ಟ್ಸ್ ಲೆಕ್ಕದಲ್ಲೇ ತಿರುಗುವಂಥದ್ದು. ಅಂಥದ್ದನ್ನು ಇಲ್ಲಿ ಹಾಕಿದರೆ 33⅓ ಸುತ್ತಿನ ಬದಲು 28ಕ್ಕೂ ಕಡಿಮೆ ಸುತ್ತುತ್ತದೆ, ಹಾಡು ಮೂರು ಸ್ವರಸ್ಥಾನ ಕೆಳಗಿಳಿದು ಎಳೆದೆಳೆದು ಬರುತ್ತದೆ. ಆ ಮಾದರಿಗೆ 50 ಹರ್ಟ್ಸ್‌ನ ರಾಟೆ ಸಿಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಬೆಲ್ಟ್ ಯಂತ್ರಗಳ ಅಭಿಮಾನಿಗಳು ನನ್ನ ಮೇಲೆ ಸಿಟ್ಟಾಗುವುದು ಬೇಡ. ಇಂಗ್ಲೆಂಡಿನ ರೇಗಾ ಪ್ಲೇನಾರ್ 1 ಬಹಳ ಸೊಗಸಾಗಿ ಹಾಡುತ್ತದೆ, ಎಲ್‌ಪಿ ಒಂದನ್ನೇ ಕೇಳುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ 33ರಿಂದ 45ಕ್ಕೆ ಹೋಗಲು ಪ್ರತಿ ಸಲವೂ ಮೇಲಿನ ತಟ್ಟೆಯನ್ನೆತ್ತಿ ಬೆಲ್ಟನ್ನು ಕೈಯಿಂದ ಸರಿಸಬೇಕು. ಇಪಿಗಳೇ ತುಂಬಿರುವ ಕನ್ನಡದ ಮನೆಯಲ್ಲಿ ಅದು ನಡೆಯುವ ಮಾತಲ್ಲ. ಪ್ರಿಆಂಪನ್ನೂ ಬೇರೆಯಾಗಿ ಕೊಳ್ಳಬೇಕು. ಪ್ರೋಜೆಕ್ಟ್‌ನ ಡೆಬ್ಯೂ ಕಾರ್ಬನ್ ಇವೋದಲ್ಲಿ 33, 45ಕ್ಕೆ ಗುಂಡಿಯಿದೆ, 78ಕ್ಕೆ ಬೇರೆ ಬೆಲ್ಟ್ ಕೊಡುತ್ತಾರೆ. ಬೆಲೆ ಮಾತ್ರ ಈ ಬರಹದ ಮಿತಿಯನ್ನು ದಾಟುತ್ತದೆ.

ಇನ್ನು ಡಿಜೆಗಳ ಮಾತು. ಅಕ್ಕನ ಮಗ ಬೆಂಗಳೂರಿನಲ್ಲಿ ರಾತ್ರಿಯ ಕಾರ್ಯಕ್ರಮಗಳಿಗೆ ಹಾಡು ಹಾಕುತ್ತಾನೆ. ನನ್ನ ಎಲ್‌ಪಿ120ಎಕ್ಸ್ ಮೇಲೆ ಕೈಯಿಟ್ಟು, ರೆಕಾರ್ಡನ್ನು ಹಿಂದೆ ಮುಂದೆ ಎಳೆದು ನೋಡಿದ. "ಮಾವ, ಕೇಳುವುದಕ್ಕೆ ಬಹಳ ಚೆನ್ನಾಗಿದೆ. ನನ್ನ ಕೈಗೆ ಮಾತ್ರ ಇದು ಸೋಲುತ್ತದೆ" ಎಂದ. ಅವನು ಹೇಳಿದ್ದು ಸರಿ. ಡಿಜೆ ರೆಕಾರ್ಡನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದಾಗಲೂ ಕೆಳಗಿನ ಲೋಹದ ತಟ್ಟೆ ವೇಗ ಕಳೆದುಕೊಳ್ಳದೆ ತಿರುಗುತ್ತಲೇ ಇರಬೇಕು. ಬಿಟ್ಟ ಕೂಡಲೇ ಹಾಡು ತಾಳಕ್ಕೆ ಸರಿಯಾಗಿ ಹೊರಡಬೇಕು. ಅದಕ್ಕೆ ಬೇಕಾದದ್ದು ಮೋಟಾರಿನ ಬಲ.

ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಟರ್ನ್‌ಟೇಬಲ್ ಅಷ್ಟು ಹೆಸರು ಮಾಡಿದ್ದು ಈ ಬಲದಿಂದಲೇ. 1972ರಲ್ಲಿ ಅದು ಬಂದದ್ದು ಮನೆಯಲ್ಲಿ ಸಂಗೀತ ಕೇಳುವವರಿಗಾಗಿ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಡಿಜೆ ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಹಾಡಿನ ತಾಳದ ಭಾಗವನ್ನು ಹಿಗ್ಗಿಸುವ ದಾರಿ ತೆರೆದ. 1979ರ ಎಂಕೆ2 ಮಾದರಿ ಜಗತ್ತಿನ ಕ್ಲಬ್ಬುಗಳಿಗೆಲ್ಲ ಅಳತೆಗೋಲಾಯಿತು. 2010ರಲ್ಲಿ ತಯಾರಿಕೆ ನಿಂತಿತು, 2016ರಲ್ಲಿ ಮತ್ತೆ ಶುರುವಾಯಿತು. 2019ರಲ್ಲಿ ಡಿಜೆಗಳಿಗೆಂದು ಎಂಕೆ7 ಬಂತು. ಕೈಯಲ್ಲಿ ಹಣವಿದ್ದರೆ ಅದನ್ನೇ ತೆಗೆದುಕೊಳ್ಳಿ, ಬೇರೆ ಮಾತಿಲ್ಲ. ಕಷ್ಟವೇನೆಂದರೆ ಡಿಜೆಗೆ ಒಂದು ಸಾಲದು, ಎರಡು ಬೇಕು. ಮೇಲೆ ಎರಡರ ಹಾಡನ್ನೂ ಬೆರೆಸುವ ಮಿಕ್ಸರ್ ಬೇರೆ.

ಕಲಿಯುವ ಹುಡುಗರಿಗೆ ನನ್ನ ಆಯ್ಕೆ ಪಯೋನಿಯರ್ ಡಿಜೆಯ ಪಿಎಲ್‌ಎಕ್ಸ್-500 ಜೋಡಿ. ಇದರಲ್ಲಿ 78 ಕೂಡ ಇದೆ, ಆದ್ದರಿಂದ ಒಂದೇ ಮನೆಯಲ್ಲಿ ಅಜ್ಜಿಗೂ ಮೊಮ್ಮಗನಿಗೂ ಆಗುತ್ತದೆ. ಅದರ ಅಣ್ಣ ಪಿಎಲ್‌ಎಕ್ಸ್-1000ರ ಮೋಟಾರು ಇನ್ನೂ ಬಲವಾದದ್ದು, ಆದರೆ 78 ಇಲ್ಲ. ಬೆಲ್ಟ್ ಇರುವ ಯಾವುದನ್ನೂ ಡಿಜೆ ಕೆಲಸಕ್ಕೆ ತರಬೇಡಿ. ಕೈಯಿಟ್ಟ ಕೂಡಲೇ ಬೆಲ್ಟ್ ಜಾರುತ್ತದೆ.

ಅಕ್ಕನ ಮಗ ಕೊನೆಗೆ ಹುಡುಕಿದ್ದು ಬಳಸಿದ ಎಂಕೆ2 ಜೋಡಿಯನ್ನು. ಇದು ಒಳ್ಳೆಯ ದಾರಿಯೇ, ಆದರೆ ನೋಡದೆ ಹಣ ಕೊಡಬೇಡಿ. ತೋಳನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಕಟಕಟ ಎಂದರೆ ಬೇರಿಂಗ್ ಸಡಿಲವಾಗಿದೆ. ಲೋಹದ ತಟ್ಟೆಯ ಅಂಚಿನಲ್ಲಿ ನಾಲ್ಕು ಸಾಲು ಚುಕ್ಕಿಗಳಿವೆ. ಯಂತ್ರದ ಕೆಂಪು ಬೆಳಕಿನಲ್ಲಿ, ವೇಗದ ಗುಂಡಿ ಸೊನ್ನೆಯಲ್ಲಿದ್ದಾಗ, ಅದಕ್ಕೆ ಸೇರಿದ ಸಾಲು ನಿಂತಂತೆಯೇ ಕಾಣಬೇಕು. ತೇಲಿದರೆ ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಜಪಾನಿನಿಂದ ಬಂದ ಯಂತ್ರವಾದರೆ ಅದು 100 ವೋಲ್ಟಿನದು. ಇದರ ವೇಗಕ್ಕೆ ಹರ್ಟ್ಸ್ ತೊಂದರೆಯಿಲ್ಲ, ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಯಂತ್ರ ಬಂದ ಉತ್ಸಾಹದಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ರೆಕಾರ್ಡು ಒರೆಸುವುದು. ಮಳೆಗಾಲಗಳನ್ನು ಕಂಡ ತಟ್ಟೆಗಳ ಮೇಲೆ ಬೂಸ್ಟು ಇದ್ದೇ ಇರುತ್ತದೆ. ವಿನೈಲ್‌ಗೆಂದು ಅಂಗಡಿಯಲ್ಲಿ ಮಾರುವ ಹಲವು ದ್ರವಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಅದನ್ನು 78ರ ತಟ್ಟೆಗೆ ಮುಟ್ಟಿಸಲೇಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಗೆರೆಗಳೊಂದಿಗೆ ಹಾಡೂ ಹೋಗುತ್ತದೆ. ಭಟ್ಟಿ ಇಳಿಸಿದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ, ಗೆರೆ ಹೋದ ದಿಕ್ಕಿನಲ್ಲೇ ಸುತ್ತಲೂ ಒರೆಸಿ. ನಡುವಿನ ಚೀಟಿಗೆ ನೀರು ತಾಗಬಾರದು. ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಮನೆಯಲ್ಲಿರುವ ತಟ್ಟೆ ಯಾವುದೆಂದು ಗುರುತಾಗದಿದ್ದರೆ ಚೀಟಿಯ ಚಿತ್ರ ತೆಗೆದು ಕಮೆಂಟಿನಲ್ಲಿ ಹಾಕಿ. ಯಾವ ವೇಗ, ಯಾವ ಮುಳ್ಳು ಎಂದು ಹೇಳುತ್ತೇನೆ.