ಎಲ್ಲ ಕಲೆಗಳೂ ಹೋಗುವುದಿಲ್ಲ

ಹಲ್ಲಿನ ಸ್ವಚ್ಛತೆ ಕುರಿತ ನಿಮ್ಮ ಲೇಖನ ಓದಿದೆ. ನಿಯಮಿತವಾಗಿ ದಂತ ಹೈಜೀನಿಸ್ಟ್‌ರ (ಹಲ್ಲು ಸ್ವಚ್ಛಗೊಳಿಸುವ ತರಬೇತಿ ಪಡೆದವರ) ಬಳಿ ಹೋಗಬೇಕೆಂಬ ಅದರ ಸಲಹೆಯನ್ನು ಒಪ್ಪುತ್ತೇನೆ. ಆದರೆ ‘ಸ್ವಚ್ಛಗೊಳಿಸಿದರೆ ಹಲ್ಲಿನ ಎಲ್ಲ ಕಲೆಗಳೂ ಹೋಗುತ್ತವೆ’ ಎಂಬ ಸಾಲು ಗದಗ ಜಿಲ್ಲೆಯವರಾದ ನಮಗೆ ಅನ್ವಯಿಸದು. ಮುಂಡರಗಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಬೆಳೆದವರಲ್ಲಿ, ಹಲ್ಲು ರೂಪುಗೊಳ್ಳುವಾಗಲೇ ಹೊರಪದರವಾದ ಎನಾಮಲ್‌ನೊಳಗೆ ಸೇರಿಹೋದ ಕಂದು ಗೆರೆಗಳನ್ನು ಹಲ್ಲು ಸ್ವಚ್ಛಗೊಳಿಸುವ ಯಾವ ಸ್ಕೇಲಿಂಗ್ ಯಂತ್ರವೂ ತೆಗೆಯಲಾರದು. ನನ್ನ ಮುಂದಿನ ಎರಡು ಹಲ್ಲುಗಳಲ್ಲಿ ಅವು ಇಂದಿಗೂ ಇವೆ.

ಹಾಗೆಂದು ನಾನು ಹಲ್ಲು ಸ್ವಚ್ಛಗೊಳಿಸಿಕೊಳ್ಳಲು ಹೋಗಿದ್ದು ವ್ಯರ್ಥವಾಗಲಿಲ್ಲ. ಕೆಳದವಡೆಯ ಮುಂದಿನ ಹಲ್ಲುಗಳ ಒಳಬದಿಯಲ್ಲಿ, ಜೊಲ್ಲು ಒಸರುವ ಜಾಗದಲ್ಲೇ, ಗಾರೆಯಂತೆ ಕಟ್ಟಿದ್ದ ಕಿಟ್ಟವನ್ನು ತೆಗೆಸಿದ ಮೇಲೆ, ಖಡಕ್ ರೊಟ್ಟಿ ಕಡಿದಾಗಲೆಲ್ಲ ವಸಡಿನಿಂದ ಬರುತ್ತಿದ್ದ ರಕ್ತ ಎರಡೇ ವಾರಗಳಲ್ಲಿ ನಿಂತಿತು. ಬ್ರಷ್‌ಗೆ ಹೋಗುವುದು ಮೆತ್ತಗಿನ ಪದರ ಮಾತ್ರ. ಅದು ಗಟ್ಟಿಯಾಗಿ ಕಿಟ್ಟವಾದ ಬಳಿಕ ಉಪಕರಣವೇ ಬೇಕು. ನಮ್ಮ ಓಣಿಯ ಹಿರಿಯರು ‘ಕಿಟ್ಟ ತೆಗೆಸಿದರೆ ಹಲ್ಲು ಅಲುಗಾಡುತ್ತವೆ’ ಎನ್ನುತ್ತಾರೆ. ಅಂಥ ಹಲ್ಲಿನ ಸುತ್ತಲಿನ ಎಲುಬು ಅದಾಗಲೇ ಸವೆದಿರುತ್ತದೆ, ಕಿಟ್ಟ ಅದನ್ನು ಮರೆಮಾಚಿರುತ್ತದೆ ಅಷ್ಟೇ. ಅಂದಹಾಗೆ, 1948ರ ದಂತವೈದ್ಯರ ಕಾಯ್ದೆಯಲ್ಲೇ ಹೈಜೀನಿಸ್ಟ್‌ಗಳ ನೋಂದಣಿಗೆ ಅವಕಾಶ ಕಲ್ಪಿಸಲಾಗಿತ್ತಾದರೂ, ನಾನು ಹೋದ ಕಡೆಯಲ್ಲೆಲ್ಲ ಈ ಕೆಲಸವನ್ನು ದಂತವೈದ್ಯರೇ ಮಾಡಿದ್ದಾರೆ. ಹೈಜೀನಿಸ್ಟ್ ಸಿಗಲಿಲ್ಲವೆಂದು ಯಾರೂ ಮುಂದೂಡುವುದು ಬೇಡ.