ಸ್ಪಷ್ಟನೆ: ಟ್ರಿಗರ್ ಕಾಫಿ ಜರಡಿಯಲ್ಲ

ಚಿಕ್ಕಮಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಸರ್ನ್‌ನ ಟ್ರಿಗರ್ ಸಾಫ್ಟ್‌ವೇರ್, ಕ್ಯೂರಿಂಗ್ ವರ್ಕ್ಸ್‌ನ ಜರಡಿಯಂತೆ, ಒಟ್ಟಿಗೆ ಆದ ಡಿಕ್ಕಿಗಳಲ್ಲಿ ಒಳ್ಳೆಯದನ್ನು ಉಳಿಸಿ ಮಿಕ್ಕವನ್ನು ಅಳಿಸುತ್ತದೆ.' ಹೋಲಿಕೆ ಚೆಂದ, ವಿಷಯ ತಪ್ಪು. ಸರ್ನ್ ಎಂದರೆ ಜಿನೀವಾ ಬಳಿಯ ಕಣಭೌತಶಾಸ್ತ್ರ ಪ್ರಯೋಗಾಲಯ; ಟ್ರಿಗರ್ ಎಂದರೆ ಅಲ್ಲಿ ಯಾವ ಡಿಕ್ಕಿಗಳ ದಾಖಲೆ ಉಳಿಸಬೇಕೆಂದು ಆ ಕ್ಷಣವೇ ತೀರ್ಮಾನಿಸುವ ವ್ಯವಸ್ಥೆ.

ಸರ್ನ್‌ನ ಕಣ ವೇಗವರ್ಧಕ ಎಲ್‌ಎಚ್‌ಸಿಯಲ್ಲಿ ಪ್ರೋಟಾನ್ ಗೊಂಚಲುಗಳು 25 ನ್ಯಾನೊಸೆಕೆಂಡಿಗೊಮ್ಮೆ ಎದುರಾಗುತ್ತವೆ. ಪ್ರತಿ ಸಲ ಹತ್ತಾರು ಡಿಕ್ಕಿ; ಅವೆಲ್ಲ ಸೇರಿ ಒಂದು 'ಘಟನೆ'. ಟ್ರಿಗರ್ ಆ ಇಡೀ ಮೂಟೆಯನ್ನು ಇಟ್ಟುಕೊಳ್ಳುತ್ತದೆ, ಇಲ್ಲವೇ ಬಿಡುತ್ತದೆ; ಬೀಜ ಆರಿಸುವುದಿಲ್ಲ. ಎಲ್‌ಎಚ್‌ಸಿಯ ಪ್ರಯೋಗಗಳಲ್ಲೊಂದಾದ ಸಿಎಂಎಸ್‌ನಲ್ಲಿ ಮೊದಲ ಹಂತ ಸಾಫ್ಟ್‌ವೇರೇ ಅಲ್ಲ, ಎಫ್‌ಪಿಜಿಎ (ಬೇಕಾದ ಕೆಲಸಕ್ಕೆ ಹೊಂದಿಸಬಹುದಾದ ಚಿಪ್) ಬೋರ್ಡುಗಳು: ಸುಮಾರು 4 ಮೈಕ್ರೊಸೆಕೆಂಡಿನಲ್ಲಿ ತೀರ್ಮಾನಿಸಿ, ಸೆಕೆಂಡಿಗೆ ಸುಮಾರು 1 ಲಕ್ಷ ಘಟನೆಗಳನ್ನು ದಾಟಿಸುತ್ತವೆ. ಸಾಫ್ಟ್‌ವೇರಿನ ಸರದಿ ಆಮೇಲೆ.

ಬೇರ್ಪಡಿಸುವ ಕೆಲಸವೇ ಇಲ್ಲವೆಂದಲ್ಲ. ವಿದ್ಯುದಾವೇಶವಿರುವ ಕಣದ ಜಾಡನ್ನು ಹಿಂದಕ್ಕೆ ಎಳೆದು, ಅದು ಬೀಮ್‌ನ ಉದ್ದಕ್ಕೆ ಯಾವ ಬಿಂದುವಿನಲ್ಲಿ ಹುಟ್ಟಿತೆಂದು ಸಾಫ್ಟ್‌ವೇರ್ ನೋಡುತ್ತದೆ. ನಮಗೆ ಬೇಕಾದ ಡಿಕ್ಕಿಯದಲ್ಲದೆ ಬೇರೆ ಬಿಂದುವಿನದಾದರೆ ಲೆಕ್ಕದಿಂದ ಕೈಬಿಡುತ್ತದೆ, ದಾಖಲೆಯಿಂದಲ್ಲ. ತೊಡಕೆಲ್ಲ ತಟಸ್ಥ ಕಣಗಳದ್ದು, ಅವಕ್ಕೆ ಜಾಡೇ ಇಲ್ಲ. ಹಾಗಾಗಿ ಆ ಘಟನೆಯ ಸರಾಸರಿ ಶಕ್ತಿ ಸಾಂದ್ರತೆಯನ್ನು ಜೆಟ್‌ನ (ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಗುಂಪಿನ) ವಿಸ್ತೀರ್ಣದಿಂದ ಗುಣಿಸಿ, ಜೆಟ್‌ನ ಶಕ್ತಿಯಿಂದ ಕಳೆಯಬೇಕು. ಕಳೆಯದಿದ್ದರೆ ಚಿಲ್ಲರೆ ಶಕ್ತಿಯೆಲ್ಲ ಸೇರಿ ಜೆಟ್ ಉಬ್ಬಿ, ಟ್ರಿಗರ್ ಇಟ್ಟ ಶಕ್ತಿಯ ಮಿತಿ ದಾಟಿ, ಬೇಡದ ಘಟನೆಗಳೇ ಡಿಸ್ಕ್ ತುಂಬುತ್ತವೆ. ಮಿತಿಯನ್ನೇ ಏರಿಸಿಬಿಟ್ಟರೆ? ಕಡಿಮೆ ಶಕ್ತಿಯ ಅಪರೂಪದ ಘಟನೆಗಳು ಕೈತಪ್ಪುತ್ತವೆ.